ಹೊರಗೆ ಕೂರಿಸುವವನ ಸಂಕಟ: ಬರ್ಲಿನ್ನಿನಲ್ಲಿ ಧ್ಯಾನ್‌ಚಂದ್ ಹಾಕಿದ ಲೆಕ್ಕ

ಟೀಮಿನ ಪಟ್ಟಿ ನೋಟೀಸ್ ಬೋರ್ಡಿಗೆ ಬಿದ್ದ ದಿನ ನಮ್ಮೂರ ಕಡೆ ಏನೇನು ನಡೆಯುತ್ತೆ ಅನ್ನೋದು ಓದುಗರಿಗೆ ಗೊತ್ತಿದ್ದದ್ದೇ. ಶಾಲೆಯ ಪಂದ್ಯವಾಗಲಿ, ತಾಲ್ಲೂಕು ಮಟ್ಟದ ಪಂದ್ಯವಾಗಲಿ, ಕಥೆ ಒಂದೇ. ಒಬ್ಬರ ಮಗ ಒಳಗೆ, ಇನ್ನೊಬ್ಬರ ಮಗ ಹೊರಗೆ. ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೈಟು ಕಾಫಿ ಮುಗಿಯೋದರೊಳಗೆ ತೀರ್ಪು ಬಂದಿರುತ್ತೆ. ಕೋಚಿಗೆ ಆಟ ಗೊತ್ತಿಲ್ಲ, ಕೋಚಿಗೆ ಯಾರೋ ಹೇಳಿಸಿದಾರೆ, ಕೋಚು ನಮ್ಮೋರಲ್ಲ. ಹೊರಗೆ ಕೂತ ಹುಡುಗನ ದುಃಖವನ್ನ ಹತ್ತು ಜನ ಹೇಳ್ತಾರೆ. ಅವನನ್ನು ಹೊರಗೆ ಕೂರಿಸಿದವನ ರಾತ್ರಿ ಹೇಗೆ ಕಳೀತು ಅಂತ ಕೇಳೋರು ಮಾತ್ರ ಒಬ್ಬರೂ ಇಲ್ಲ.

ಆಗಸ್ಟ್ 29 ಧ್ಯಾನ್‌ಚಂದ್ ಹುಟ್ಟಿದ ದಿನ. 2012ರಿಂದ ಅದನ್ನು ರಾಷ್ಟ್ರೀಯ ಕ್ರೀಡಾ ದಿನ ಅಂತ ಆಚರಿಸುತ್ತಾರೆ. ಶಾಲೆಗಳಲ್ಲಿ ಫೋಟೋಗೆ ಹಾರ ಬೀಳುತ್ತೆ, ಭಾಷಣ ಆಗುತ್ತೆ. ಚೆಂಡು ಆತನ ಕೋಲಿಗೆ ಅಂಟಿಕೊಳ್ಳುತ್ತಿತ್ತು, ಕೋಲಿನಲ್ಲಿ ಅಯಸ್ಕಾಂತ ಇದೆಯೇನೋ ಅಂತ ಪರೀಕ್ಷೆ ಮಾಡಿದರು, ಹಿಟ್ಲರನೇ ಕರೆದು ಮಾತಾಡಿಸಿದ, ಹೀಗೆ ಹತ್ತಾರು ಕಥೆ ಹೇಳುತ್ತಾರೆ. ಅವು ಇವತ್ತಿನ ಮಾತಲ್ಲ. ಹನ್ನೊಂದು ಜನ ಆಡೋ ಆಟಕ್ಕೆ ಹದಿನೆಂಟು ಜನರನ್ನು ಕಟ್ಟಿಕೊಂಡು ಹೋದ ಒಬ್ಬ ಸಿಪಾಯಿಯ ಕಥೆ ಇವತ್ತಿನದು. ಯಾರನ್ನು ಆಡಿಸೋದು, ಯಾರನ್ನು ಕೂರಿಸೋದು ಅನ್ನೋ ಪ್ರಶ್ನೆ ಆತನ ತಲೆ ಮೇಲೆ ಕೂತಾಗ ಆತ ಏನು ಮಾಡಿದ ಅನ್ನೋದನ್ನ ನೋಡೋಣ.

ಸಿಪಾಯಿ ಹುಡುಗ

ಧ್ಯಾನ್‌ಚಂದ್ ಹುಟ್ಟಿದ್ದು 1905ರಲ್ಲಿ, ಅಲಹಾಬಾದಿನಲ್ಲಿ. ಮನೆಯಲ್ಲಿಟ್ಟ ಹೆಸರು ಧ್ಯಾನ್ ಸಿಂಗ್. ತಂದೆ ಸಾಮೇಶ್ವರ ಸಿಂಗ್ ಬ್ರಿಟಿಷರ ಸೈನ್ಯದಲ್ಲಿದ್ದವರು. ಸೈನ್ಯದ ನೌಕರಿ ಅಂದರೆ ಊರೂರು ತಿರುಗಾಟ. ಹಾಗಾಗಿ ಹುಡುಗನ ಓದು ಹೆಚ್ಚು ಸಾಗಲಿಲ್ಲ. ಕೊನೆಗೆ ಸಂಸಾರ ಝಾನ್ಸಿಯಲ್ಲಿ ನೆಲೆ ನಿಂತಿತು. 1922ರಲ್ಲಿ ಹುಡುಗನೂ ಬ್ರಾಹ್ಮಣ ರೆಜಿಮೆಂಟಿಗೆ ಸಿಪಾಯಿಯಾಗಿ ಸೇರಿದ. ಅಲ್ಲಿಯವರೆಗೆ ಹಾಕಿಯ ಹುಚ್ಚು ಅಷ್ಟೇನೂ ಇರಲಿಲ್ಲ. ಆಟಕ್ಕೆ ಎಳೆದವರು ಅದೇ ಪಲ್ಟಣದ ಸುಬೇದಾರ್ ಮೇಜರ್ ಬಾಲೇ ತಿವಾರಿ. ಧ್ಯಾನ್‌ಚಂದ್ ಕೊನೆವರೆಗೂ ಗುರು ಅಂತ ನೆನೆದದ್ದು ಅವರನ್ನೇ.

1926ರಲ್ಲಿ ಸೈನ್ಯದ ತಂಡ ನ್ಯೂಜಿಲೆಂಡಿಗೆ ಹೋಯಿತು. ಈ ಸಿಪಾಯಿಯೂ ಹೋದ. 21 ಪಂದ್ಯದಲ್ಲಿ 18 ಗೆದ್ದು, 2 ಸಮ ಮಾಡಿಕೊಂಡು, ಒಂದೇ ಒಂದು ಸೋತು ಬಂದರು. ವಾಪಸು ಬಂದ ಮೇಲೆ ಲ್ಯಾನ್ಸ್ ನಾಯಕ್ ಅಂತ ಬಡ್ತಿ ಸಿಕ್ಕಿತು.

1928ರಲ್ಲಿ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್. ನಮ್ಮ ಹಾಕಿ ತಂಡ ಬೊಂಬಾಯಿಯಲ್ಲಿ ಹಡಗು ಹತ್ತುವಾಗ ಬೀಳ್ಕೊಡಲು ಬಂದಿದ್ದವರು ಮೂರೇ ಜನ. ಗೆದ್ದು ಬಂದಾಗ ಅದೇ ಬೊಂಬಾಯಿ ಬಂದರಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಮ್ಮ ಜನ ಯಾವತ್ತೂ ಹೀಗೇ ಬಿಡಿ. ಆ ಒಲಿಂಪಿಕ್ಸಿನಲ್ಲಿ ಭಾರತ ಹೊಡೆದ ಗೋಲು 29, ಬಿಟ್ಟುಕೊಟ್ಟದ್ದು ಸೊನ್ನೆ. ಅದರಲ್ಲಿ 14 ಗೋಲು ಧ್ಯಾನ್‌ಚಂದ್‌ದೇ. ಫೈನಲ್ ದಿನ ತಂಡದಲ್ಲಿ ಕಾಯಿಲೆ ಬಿದ್ದವರು, ಪೆಟ್ಟು ತಿಂದವರೇ ಜಾಸ್ತಿ. ಧ್ಯಾನ್‌ಚಂದ್‌ಗೂ ಮೈಯಲ್ಲಿ ನೆಟ್ಟಗಿರಲಿಲ್ಲ. ಆದರೂ ಇಳಿದರು. ಆತಿಥೇಯ ಹಾಲೆಂಡನ್ನು 3–0 ಸೋಲಿಸಿ ಚಿನ್ನ ತಂದರು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮೈ ಸರಿ ಇಲ್ಲದಾಗಲೂ ಆಡೋ ಆಸೆ ಹೇಗಿರುತ್ತೆ, ಹೊರಗೆ ಕೂರು ಅಂದರೆ ಎದೆ ಹೇಗೆ ಉರಿಯುತ್ತೆ ಅನ್ನೋದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಆಯ್ಕೆಯ ಇನ್ನೊಂದು ಮುಖ

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಆಯ್ಕೆ ಪಂದ್ಯಗಳು ನಡೆದಾಗ ಧ್ಯಾನ್‌ಚಂದ್‌ಗೆ ಪಲ್ಟಣದಿಂದ ರಜೆ ಸಿಗಲಿಲ್ಲ. ಸರಹದ್ದಿನ ಕಡೆ ಡ್ಯೂಟಿ. ಆದರೂ ಫೆಡರೇಷನ್ನಿನವರು ಪರೀಕ್ಷೆ ಇಲ್ಲದೆ ನೇರವಾಗಿ ತಂಡಕ್ಕೆ ತೆಗೆದುಕೊಂಡರು. ತಮ್ಮ ರೂಪ್ ಸಿಂಗ್ ಕೂಡ ಆರಿಸಿಬಂದ. ಅಲ್ಲಿ ಜಪಾನಿಗೆ 11–1, ಅಮೆರಿಕಕ್ಕೆ 24–1. ಆ 24ರಲ್ಲಿ ತಮ್ಮನದು 10, ಅಣ್ಣನದು 8. ಯಾರನ್ನು ಆಡಿಸಿದರೂ ಗೆಲ್ಲೋ ಕಾಲ ಅದು. ಅಂಥ ಕಾಲದಲ್ಲಿ ಕ್ಯಾಪ್ಟನ್ನಿಗೆ ತಲೆನೋವು ಇರೋದಿಲ್ಲ.

1935ರಲ್ಲಿ ಧ್ಯಾನ್‌ಚಂದ್ ಕ್ಯಾಪ್ಟನ್ ಆಗಿ ಮತ್ತೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕಡೆ ಹೋದರು. 48 ಪಂದ್ಯಕ್ಕೆ ತಂಡ ಹೊಡೆದದ್ದು 584 ಗೋಲು. ಅದರಲ್ಲಿ ಇವರೊಬ್ಬರದೇ 201.

1936ರ ಬರ್ಲಿನ್ ಒಲಿಂಪಿಕ್ಸಿಗೆ ಆಯ್ಕೆ ನಡೆದಾಗಲೂ ಅದೇ ಕಥೆ. ಪಲ್ಟಣ ರಜೆ ಕೊಡಲಿಲ್ಲ, ಫೆಡರೇಷನ್ನು ಬಿಡಲಿಲ್ಲ. ಈ ಸಲ ಕ್ಯಾಪ್ಟನ್ ಪಟ್ಟವನ್ನೂ ಕಟ್ಟಿದರು. ಸೈನ್ಯದಲ್ಲಿ ಅಧಿಕಾರಿ ದರ್ಜೆ ಇನ್ನೂ ಬಂದಿರಲಿಲ್ಲ, ಹೆಚ್ಚು ಓದಿದವರಲ್ಲ. ಅಂಥವರ ಕೈಗೆ ತಂಡ. ಅದರಲ್ಲಿ ಪಂಜಾಬಿನವರಿದ್ದರು, ಭೋಪಾಲಿನವರಿದ್ದರು, ಮಾನಾವದರ್ ಸಂಸ್ಥಾನದವರಿದ್ದರು, ಕಲ್ಕತ್ತದ ಆಂಗ್ಲೋ ಇಂಡಿಯನ್ನರಿದ್ದರು. ಒಬ್ಬೊಬ್ಬರದು ಒಂದೊಂದು ಭಾಷೆ, ಒಂದೊಂದು ಊಟ. ಈ ಗುಂಪಿನಿಂದ ಹನ್ನೊಂದು ಹೆಸರು ತೆಗೀಬೇಕು.

ಎರಡು ಸೋಲು, ಒಂದೇ ಲೆಕ್ಕ

ಮೊದಲ ಪೆಟ್ಟು ಬಿದ್ದದ್ದು ನಮ್ಮ ನೆಲದಲ್ಲೇ. ಜೂನ್ 16ರಂದು ದೆಹಲಿಯಲ್ಲಿ ಎಲ್ಲರೂ ಸೇರಿ ಅಲ್ಲಿನ ಸ್ಥಳೀಯ ತಂಡದ ಜೊತೆ ಒಂದು ಪಂದ್ಯ ಆಡಿದರು. ಒಲಿಂಪಿಕ್ಸಿಗೆ ಹೊರಟ ತಂಡ 4–1ರಲ್ಲಿ ಸೋತುಹೋಯ್ತು. ಇನ್ನೂ ಕೈ ಕೂಡಿಲ್ಲ, ಆಡ್ತಾ ಆಡ್ತಾ ಸರಿಹೋಗುತ್ತೆ ಅಂತ ಸಮಾಧಾನ ಮಾಡಿಕೊಂಡಿರಬಹುದು.

ಜೂನ್ 27ಕ್ಕೆ ಬೊಂಬಾಯಿಯಿಂದ ರಾಜಪುತಾನ ಅನ್ನೋ ಹಡಗು ಹತ್ತಿದರು. ಸಮುದ್ರ ಕೆರಳಿತ್ತು. ಜುಲೈ 10ಕ್ಕೆ ಫ್ರಾನ್ಸಿನ ಮಾರ್ಸೇಲ್ಸ್. ಅಲ್ಲಿಂದ ರೈಲಿನಲ್ಲಿ ಮೂರನೇ ದರ್ಜೆ. ನಮ್ಮ ಓದುಗರಲ್ಲಿ ರಾತ್ರಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವರು ಬಹಳ ಜನ ಇದ್ದೀರಿ. ಆ ಮೈನೋವು ಎಂಥದು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಜುಲೈ 13ಕ್ಕೆ ಬರ್ಲಿನ್ ಸೇರಿದರು. ನಾಲ್ಕನೇ ದಿನ, ಜುಲೈ 17ಕ್ಕೆ, ಜರ್ಮನಿಯ ಮೇಲೆ ಒಂದು ಅಭ್ಯಾಸ ಪಂದ್ಯ.

ಮತ್ತೆ 4–1. ಮತ್ತೆ ಸೋಲು.

ದೆಹಲಿಯದಕ್ಕೂ ಇದಕ್ಕೂ ಅಂಕಿ ಒಂದೇ ಆದರೂ ಅರ್ಥ ಬೇರೆ. ಜರ್ಮನ್ನರು ಈ ಆಟವನ್ನ ಎಷ್ಟು ಕಲಿತಿದ್ದಾರೆ ಅನ್ನೋದು ಆ ದಿನ ಕಣ್ಣಿಗೆ ಬಿತ್ತು. ಎರಡು ಒಲಿಂಪಿಕ್ಸ್ ಚಿನ್ನ ಗೆದ್ದ ದೇಶ, ಮೂರನೆಯದಕ್ಕೆ ಬಂದು ಹೊಸಿಲಲ್ಲೇ ಎಡವಿತು. ಆ ಸೋಲನ್ನು ಧ್ಯಾನ್‌ಚಂದ್ ಜೀವ ಇರೋವರೆಗೂ ಮರೆಯಲಿಲ್ಲ. 1952ರಲ್ಲಿ ಹೊರಬಂದ ತಮ್ಮ ಆತ್ಮಚರಿತ್ರೆಯಲ್ಲಿ ಅದನ್ನ ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾರೆ.

ಕಷ್ಟ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ಆಗಿನ ಹಾಕಿಯಲ್ಲಿ ಮುಂದೆ ಐದು ಜನ ಸಾಲಾಗಿ ಆಡೋರು. ಎರಡು ತುದಿಗೆ ಇಬ್ಬರು, ನಡುವೆ ಸೆಂಟರ್ ಫಾರ್ವರ್ಡ್, ಅವನ ಎಡಕ್ಕೊಬ್ಬ ಬಲಕ್ಕೊಬ್ಬ. ಸೆಂಟರ್ ಫಾರ್ವರ್ಡ್ ಜಾಗ ಧ್ಯಾನ್‌ಚಂದ್‌ದು. ಎಡಗಡೆ ತಮ್ಮ ರೂಪ್ ಸಿಂಗ್. ಈ ಐವರಿಗೆ ಹಿಂದಿನಿಂದ ಚೆಂಡು ಒದಗಿಸೋರು ಮೂವರು ಹಾಫ್ ಬ್ಯಾಕುಗಳು. ಇದರಲ್ಲಿ ಒಬ್ಬನ ಕೈ ಕೆಟ್ಟರೂ ಮುಂದಿನವನು ಎಂಥಾ ಮಾಂತ್ರಿಕನಾದರೂ ಸುಮ್ಮನೆ ನಿಂತಿರಬೇಕು. ಗಾಣದ ಒಂದು ಕೀಲು ಸಡಿಲವಾದರೆ ಎತ್ತು ಎಷ್ಟು ಸುತ್ತಿದರೂ ಎಣ್ಣೆ ಬಾರದು, ಹಾಗೆ.

ಇನ್ನೊಂದು ಮಾತು. ಇವತ್ತಿನ ಹಾಕಿಯಲ್ಲಿ ಎರಡು ಮೂರು ನಿಮಿಷಕ್ಕೊಬ್ಬ ಹೊರಗೆ ಬರುತ್ತಾನೆ, ಇನ್ನೊಬ್ಬ ಒಳಗೆ ಹೋಗುತ್ತಾನೆ. ಬೆಂಚಿನಲ್ಲಿ ಕೂತರೆ ಅವಮಾನ ಇಲ್ಲ, ಮತ್ತೆ ಕರೆ ಬರುತ್ತೆ. 1936ರಲ್ಲಿ ಆ ಅನುಕೂಲ ಇರಲಿಲ್ಲ. ಹನ್ನೊಂದು ಜನ ಇಳಿದರೆ ಮುಗೀತು, ಆ ಹನ್ನೊಂದೇ ಜನ ಕೊನೆವರೆಗೆ. ತಪ್ಪು ಮನುಷ್ಯನನ್ನು ಇಳಿಸಿದರೆ ಎಪ್ಪತ್ತು ನಿಮಿಷ ಆ ತಪ್ಪನ್ನ ಹೊತ್ತು ಓಡಬೇಕು. ಹೊರಗೆ ಕೂತವನಿಗೂ ಅಷ್ಟೇ, ಏಳು ಸಮುದ್ರ ದಾಟಿ ಬಂದು ಬರೀ ನೋಡಿ ಹೋಗಬೇಕು.

ತಂತಿ ಹೋಯ್ತು

ಸೋತ ಮೇಲೆ ತಂಡದ ಹಿರಿಯರು ಕೂತರು. ಮ್ಯಾನೇಜರಿಕೆ ನೋಡಿಕೊಳ್ಳುತ್ತಿದ್ದ ಜಗನ್ನಾಥ್ ಮತ್ತು ಪಂಕಜ್ ಗುಪ್ತ, ಜೊತೆಗೆ ಕ್ಯಾಪ್ಟನ್. ಎದುರಿಗಿದ್ದ ದಾರಿ ಎರಡು. ಒಂದು, ಇದು ಬರೀ ಅಭ್ಯಾಸ ಪಂದ್ಯ, ಪ್ರಯಾಣದ ದಣಿವು, ಅದೇ ತಂಡ ಇರಲಿ ಅನ್ನೋದು. ಯಾರ ಮನಸ್ಸೂ ನೋಯೋದಿಲ್ಲ. ಇನ್ನೊಂದು, ತಂಡದಲ್ಲಿ ತೂತು ಇದೆ ಅಂತ ಬಾಯಿಬಿಟ್ಟು ಒಪ್ಪಿಕೊಳ್ಳೋದು.

ಅವರು ಒಪ್ಪಿಕೊಂಡರು. ಭಾರತಕ್ಕೆ ಸುದ್ದಿ ಹೋಯ್ತು. ಮಿರ್ಜಾ ಮಸೂದ್ ಫಾರ್ಮಿನಲ್ಲಿಲ್ಲ, ಅವರ ಬದಲಿಗೆ ಅಲಿ ದಾರಾ ಅವರನ್ನು ತಕ್ಷಣ ಕಳಿಸಿ ಅನ್ನೋದು ಅದರ ಸಾರ.

ಒಂದು ಕ್ಷಣ ನಿಂತು ಯೋಚನೆ ಮಾಡಿ ಸ್ವಾಮಿ. ಮಸೂದ್ ಅಲ್ಲೇ ಇದ್ದಾರೆ. ಅದೇ ಹಡಗಿನಲ್ಲಿ ಬಂದವರು, ಅದೇ ರೈಲಿನ ಹಲಗೆ ಮೇಲೆ ಕೂತವರು, ದಿನಾ ಒಟ್ಟಿಗೆ ಉಣ್ಣೋರು. ಅವರ ಕಣ್ಣೆದುರೇ ಅವರ ಜಾಗಕ್ಕೆ ಇನ್ನೊಬ್ಬರನ್ನು ಊರಿಂದ ಕರೆಸೋದು. ಅಂಗಡಿಯಲ್ಲಿ ಹಳೇ ಗುಮಾಸ್ತ ಗಲ್ಲದ ಪಕ್ಕ ಕೂತಿರುವಾಗಲೇ ಯಜಮಾನ ಹೊಸ ಗುಮಾಸ್ತನಿಗೆ ಕಾಗದ ಬರೆದ ಹಾಗೆ. ಇದನ್ನು ಮಾಡೋಕೆ ಕಲ್ಲೆದೆ ಬೇಕು ಅಂತ ಜನ ಅಂತಾರೆ. ನನಗೆ ಹಾಗನ್ನಿಸೋದಿಲ್ಲ. ಕಲ್ಲೆದೆಯವನಿಗೆ ಇದು ಸುಲಭ. ಮೆದು ಎದೆಯವನು ಮಾಡಬೇಕಾದಾಗಲೇ ಕಷ್ಟ.

ಖರ್ಚಿನ ಪ್ರಶ್ನೆಯೂ ಇತ್ತು. ಇಡೀ ತಂಡವೇ ಹಡಗು, ಮೂರನೇ ದರ್ಜೆ ರೈಲು ಅಂತ ಬಂದಿದೆ. ಆದರೆ ದಾರಾ ಹಡಗಿನಲ್ಲಿ ಹೊರಟರೆ ಒಲಿಂಪಿಕ್ಸ್ ಮುಗಿದುಹೋಗುತ್ತೆ. ವಿಮಾನ ಅನ್ನೋದು ನಮ್ಮ ಜನ ಆಕಾಶದಲ್ಲೂ ಸರಿಯಾಗಿ ನೋಡದಿದ್ದ ಕಾಲ. ಆದರೂ ದಾರಾ ವಿಮಾನದಲ್ಲೇ ಬಂದರು. ಸೆಮಿಫೈನಲ್ ಹೊತ್ತಿಗೆ ಬರ್ಲಿನ್ನಿನಲ್ಲಿದ್ದರು.

ಅಷ್ಟರಲ್ಲಿ ಇದ್ದವರನ್ನೇ ಹಿಂದೆ ಮುಂದೆ ಮಾಡಿ ಆಡಿಸಿದ್ದಾಗಿತ್ತು. ಹಂಗೇರಿ ಮೇಲೆ 4–0, ಅಮೆರಿಕ ಮೇಲೆ 7–0, ಜಪಾನ್ ಮೇಲೆ 9–0. ಈಗ ಹೇಳಿ, ಮೂರು ಪಂದ್ಯದಲ್ಲಿ 20 ಗೋಲು ಹೊಡೆದು ಒಂದೂ ಬಿಟ್ಟುಕೊಡದ ತಂಡವನ್ನು ಯಾರಾದರೂ ಬದಲಾಯಿಸುತ್ತಾರಾ? ನಮ್ಮ ಬಸ್ ಸ್ಟ್ಯಾಂಡ್ ಪಂಡಿತರಾಗಿದ್ದರೆ ಬೇಡ ಬೇಡ ಅಂತ ಕೈ ಹಿಡಿಯುತ್ತಿದ್ದರು. ಆದರೆ ಧ್ಯಾನ್‌ಚಂದ್ ನೋಡುತ್ತಿದ್ದದ್ದು ಜಪಾನನ್ನಲ್ಲ, ಜುಲೈ 17ರ ಜರ್ಮನಿಯನ್ನ. ಸೆಮಿಫೈನಲಿಗೆ ದಾರಾ ಇಳಿದರು. ಆಗಸ್ಟ್ 12ರಂದು ಫ್ರಾನ್ಸ್ ಮೇಲೆ 10–0. ಅದರಲ್ಲಿ ನಾಲ್ಕು ಗೋಲು ಕ್ಯಾಪ್ಟನ್ನಿನದು.

ಆಗಸ್ಟ್ 15

ಫೈನಲ್ ಇದ್ದದ್ದು 14ಕ್ಕೆ. ಮಳೆ ಹುಯ್ದು ಮೈದಾನ ಕೆಸರಾಗಿ 15ಕ್ಕೆ ಹೋಯ್ತು. ಎದುರಿಗೆ ಅದೇ ಜರ್ಮನಿ. ಮೈದಾನಕ್ಕೆ ಇಳಿಯೋ ಮುಂಚೆ ಬಟ್ಟೆ ಬದಲಾಯಿಸೋ ಕೋಣೆಯಲ್ಲಿ ಪಂಕಜ್ ಗುಪ್ತ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಹೊರತೆಗೆದರು. ಬ್ರಿಟಿಷ್ ಇಂಡಿಯಾದ ತಂಡ ಅದಕ್ಕೆ ಕೈಮುಗಿಯಿತು. ಬ್ರಿಟಿಷರ ಸಂಬಳ ತಿನ್ನುವ ಸಿಪಾಯಿಯೂ ಕೈಮುಗಿದ. ಸರಿಯಾಗಿ 11 ವರ್ಷದ ಮೇಲೆ ಅದೇ ತಾರೀಖು ನಮಗೆ ಸ್ವಾತಂತ್ರ್ಯದ ದಿನವಾಯಿತು ಅನ್ನೋದು ಕಾಲದ ಚಮತ್ಕಾರ.

ಆ ದಿನ ಇಳಿದ ಹನ್ನೊಂದು ಹೆಸರು ಹೀಗಿದೆ. ಗೋಲಿಗೆ ಅಲೆನ್. ಹಿಂದೆ ಟ್ಯಾಪ್ಸೆಲ್ ಮತ್ತು ಹುಸೇನ್. ನಡುವೆ ನಿಮಲ್, ಕಲೆನ್, ಗ್ಯಾಲಿಬಾರ್ಡಿ. ಮುಂದೆ ಶಹಾಬುದ್ದೀನ್, ದಾರಾ, ಧ್ಯಾನ್‌ಚಂದ್, ರೂಪ್ ಸಿಂಗ್, ಜಾಫರ್. ಕ್ಯಾಪ್ಟನ್ನಿನ ಬಲಗೈ ಪಕ್ಕ ದಾರಾ. ಉಳಿದ ಎಂಟು ಜನ ಹೊರಗೆ. ಮಸೂದ್ ಹೊರಗೆ.

ಮೊದಲರ್ಧದಲ್ಲಿ ಜರ್ಮನ್ನರು ಜಗ್ಗಲಿಲ್ಲ. ಒದ್ದೆ ನೆಲದಲ್ಲಿ ನಮ್ಮವರ ಚಳಕ ನಡೆಯಲಿಲ್ಲ. ಬರೀ 1–0. ಒಂದು ಗೋಲು ಯಾವ ಗಳಿಗೆಯಲ್ಲಿ ಬೇಕಾದರೂ ಸಮವಾಗಬಹುದು. ವಿರಾಮದ ಮೇಲೆ ಧ್ಯಾನ್‌ಚಂದ್ ಮೊಳೆ ಬೂಟು, ಕಾಲುಚೀಲ ಬಿಚ್ಚಿಹಾಕಿ ರಬ್ಬರ್ ಅಟ್ಟೆಯ ಜೋಡಿನಲ್ಲಿ ಇಳಿದರು. ಆಮೇಲೆ ನಡೆದದ್ದು ಇತಿಹಾಸದಲ್ಲಿದೆ. ಪಂದ್ಯ ಮುಗಿದಾಗ 8–1. ಜರ್ಮನಿ ಹೊಡೆದ ಆ ಒಂದು ಗೋಲೇ ಇಡೀ ಬರ್ಲಿನ್ ಒಲಿಂಪಿಕ್ಸಿನಲ್ಲಿ ಭಾರತ ಬಿಟ್ಟುಕೊಟ್ಟ ಏಕೈಕ ಗೋಲು. ನಮ್ಮವರು ಹೊಡೆದದ್ದು 38.

ತಿಂಗಳ ಹಿಂದೆ 4–1ರಲ್ಲಿ ಸೋತ ಜನ ಇವರೇನಾ ಅಂತ ಜರ್ಮನ್ನರು ಕಣ್ಣುಜ್ಜಿಕೊಂಡಿರಬೇಕು. ಬದಲಾದದ್ದು ದಾರಾ ಒಬ್ಬರಿಂದ ಅಂತ ಹೇಳಿದರೆ ಅದು ಅನ್ಯಾಯ. ತಮ್ಮಲ್ಲಿ ತಪ್ಪಿದೆ ಅಂತ ಒಪ್ಪಿಕೊಂಡದ್ದರಿಂದ ತಂಡ ಬದಲಾಯಿತು. ನಾನು ಕೂಡ ಖಾಯಂ ಅಲ್ಲ ಅಂತ ಪ್ರತಿಯೊಬ್ಬನಿಗೂ ಗೊತ್ತಾಯಿತು.

ಹೊರಗೆ ಕೂತ ಮಸೂದ್ ಏನು ಮಾಡಿದರು? ಮುನಿಸಿಕೊಂಡು ಮೂಲೆ ಸೇರಲಿಲ್ಲ. ಆ ಪ್ರವಾಸದ ಕಥೆಯನ್ನೆಲ್ಲ ಕೂಡಿಸಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. 1936ರ ವಿಶ್ವ ಹಾಕಿ ಚಾಂಪಿಯನ್ನರು ಅನ್ನೋದು ಅದರ ಹೆಸರಿನ ಅರ್ಥ. ಬರ್ಲಿನ್ ಚಿನ್ನದ ವಿಚಾರ ಬರೆಯೋ ಪಂಡಿತರೆಲ್ಲ ಇವತ್ತಿಗೂ ಆ ಪುಸ್ತಕ ತೆರೆಯಲೇಬೇಕು. ಫೈನಲ್ ಆಡಿದ ಎಷ್ಟೋ ಜನರ ಹೆಸರು ಮರೆತುಹೋಗಿದೆ, ಆಡದವನ ಪುಸ್ತಕ ಉಳಿದಿದೆ. ಚಿನ್ನ ಗೆದ್ದವರ ಪಟ್ಟಿಯಲ್ಲೂ ಅವರ ಹೆಸರಿದೆ. ಇನ್ನು ದಾರಾ. ದೇಶ ಎರಡಾದ ಮೇಲೆ ಅವರು ಆ ಕಡೆಯವರಾದರು. 1948ರ ಲಂಡನ್ ಒಲಿಂಪಿಕ್ಸಿಗೆ ಪಾಕಿಸ್ತಾನದ ಹಾಕಿ ಕ್ಯಾಪ್ಟನ್ ಆಗಿ ಹೋದರು.

ತನ್ನನ್ನೇ ಕೂರಿಸಿದ ದಿನ

ಇನ್ನೊಬ್ಬರನ್ನು ಹೊರಗೆ ಕಳಿಸೋ ದೊಡ್ಡವರನ್ನ ನಾವು ಬೇಕಾದಷ್ಟು ನೋಡಿದ್ದೇವೆ. ಸರದಿ ತಮ್ಮದು ಬಂದಾಗ ಅವರು ಕುರ್ಚಿಯ ಕೈ ಬಿಡೋದಿಲ್ಲ. ಸಹಕಾರ ಸಂಘದಿಂದ ದೇವಸ್ಥಾನದ ಕಮಿಟಿವರೆಗೆ ಇದೇ ಹಾಡು. ಧ್ಯಾನ್‌ಚಂದ್ ತೂಕ ತಿಳಿಯೋದು ಇಲ್ಲೇ.

ಎರಡನೇ ಮಹಾಯುದ್ಧದಿಂದ 1940ರ, 1944ರ ಒಲಿಂಪಿಕ್ಸ್ ಎರಡೂ ನಡೆಯಲಿಲ್ಲ. ಆಟಗಾರನ ಒಳ್ಳೇ ವರ್ಷಗಳು ಹಾಗೇ ಕಳೆದುಹೋದವು. 1947ರ ಕೊನೆಗೆ ಪೂರ್ವ ಆಫ್ರಿಕದಿಂದ ಕರೆ ಬಂತು. ತಂಡ ಕಳಿಸಿ, ಆದರೆ ಧ್ಯಾನ್‌ಚಂದ್ ಇರಲೇಬೇಕು ಅಂತ ಅಲ್ಲಿನವರ ಷರತ್ತು. ವಯಸ್ಸು 42. ಹೋದರು, ಆಡಿದರು, ಗೋಲನ್ನೂ ಹೊಡೆದರು. ಆ ಹೆಸರಿನ ಬಲದ ಮೇಲೆ ಲಂಡನ್ ಒಲಿಂಪಿಕ್ಸಿಗೂ ನಾನೇ ಅಂತ ಹಟ ಹಿಡಿದಿದ್ದರೆ ಎದುರು ನಿಂತು ಬೇಡ ಅನ್ನೋರು ಯಾರಿದ್ದರು?

ಅವರು ಹಟ ಹಿಡಿಯಲಿಲ್ಲ. 1948ರಲ್ಲಿ ದೊಡ್ಡ ಆಟದಿಂದ ತಾವಾಗಿಯೇ ಹಿಂದೆ ಸರಿಯುತ್ತಾ ಬಂದರು. ಲಂಡನ್ನಿಗೆ ಹೊರಟ ಹುಡುಗರ ಮೇಲೆ ಒಂದು ಪಂದ್ಯದಲ್ಲಿ ತಾವೇ ಎದುರು ತಂಡ ಕಟ್ಟಿಕೊಂಡು ಆಡಿದರು. ಹುಡುಗರು 2–1ರಲ್ಲಿ ಗೆದ್ದರು. ಸೋತ ಕಡೆಯ ಆ ಒಂದು ಗೋಲು ಧ್ಯಾನ್‌ಚಂದ್‌ದೇ. ಇನ್ನೂ ಗೋಲು ಹೊಡೆಯೋ ಶಕ್ತಿ ಇದ್ದಾಗಲೇ ಬಿಟ್ಟುಕೊಟ್ಟರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆ ಹುಡುಗರು ಲಂಡನ್ನಿನಲ್ಲಿ ಬ್ರಿಟಿಷರನ್ನೇ 4–0 ಸೋಲಿಸಿ ಸ್ವತಂತ್ರ ಭಾರತದ ಮೊದಲ ಚಿನ್ನ ತಂದರು.

1956ರಲ್ಲಿ ಸೈನ್ಯದಿಂದ ನಿವೃತ್ತಿ. ಹೆಸರಿನ ಹಿಂದಿರುವ ಮೇಜರ್ ಅನ್ನೋದು ಅಲ್ಲಿಯದು. ಅದೇ ವರ್ಷ ಪದ್ಮಭೂಷಣ. ಆಮೇಲೆ ರಾಜಸ್ಥಾನದ ಮೌಂಟ್ ಅಬುವಿನ ತರಬೇತಿ ಶಿಬಿರಗಳಲ್ಲಿ ಹುಡುಗರಿಗೆ ಕಲಿಸಿದರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಹಾಕಿಯ ಮುಖ್ಯ ಕೋಚ್ ಆಗಿದ್ದರು. ಜುಲೈ 17ರ ಸೋಲನ್ನು ಉಂಡ ಮನುಷ್ಯನಿಂದ ಪಾಠ ಹೇಳಿಸಿಕೊಂಡ ಆ ಹುಡುಗರು ಪುಣ್ಯವಂತರು.

ಮಗ ಅಶೋಕ್ ಕುಮಾರ್ ಕೂಡ ಹಾಕಿ ಹಿಡಿದರು. 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2–1 ಸೋಲಿಸಿ ವಿಶ್ವಕಪ್ ಗೆದ್ದಾಗ ಗೆಲುವಿನ ಗೋಲು ಅವರದೇ. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು ಅನ್ನೋದು ನಾವು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಮಾತು.

ಕೊನೆಯ ದಿನಗಳು ಮಾತ್ರ ಚೆನ್ನಾಗಿರಲಿಲ್ಲ. ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಕ್ಯಾನ್ಸರು. ದೇಶಕ್ಕೆ ಮೂರು ಚಿನ್ನ ತಂದ ಮನುಷ್ಯ ದೆಹಲಿಯ ದೊಡ್ಡಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮಲಗಿದರು. 1979ರ ಡಿಸೆಂಬರ್ 3ರಂದು ತೀರಿಕೊಂಡರು. ತಾವು ಆಡಿ ಬೆಳೆದ ಝಾನ್ಸಿಯ ಮೈದಾನದಲ್ಲೇ ಅಂತ್ಯಕ್ರಿಯೆ ಆಯಿತು. 2021ರಲ್ಲಿ ದೇಶದ ಅತಿ ದೊಡ್ಡ ಕ್ರೀಡಾ ಪ್ರಶಸ್ತಿಗೆ ಅವರ ಹೆಸರಿಟ್ಟರು. 1928ರ ಬೊಂಬಾಯಿ ಬಂದರಿನ ಕಥೆ ಮತ್ತೆ ನೆನಪಾಗುತ್ತೆ. ಹೊರಡುವಾಗ ಮೂರು ಜನ, ಗೆದ್ದ ಮೇಲೆ ಜಾತ್ರೆ.

ಮುಂದಿನ ಸಲ ನಮ್ಮೂರಲ್ಲಿ ಪಟ್ಟಿ ಬಿದ್ದಾಗ ಹೆಸರಿಲ್ಲದ ಹುಡುಗನ ಬೆನ್ನು ತಟ್ಟಿ, ಮಸೂದ್ ಕಥೆ ಹೇಳಿ. ಪಟ್ಟಿ ಬರೆದವನನ್ನು ಬೈಯುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಸೋತರೆ ತಪ್ಪು ನನ್ನದು ಅನ್ನೋ ಮನುಷ್ಯನಾ ಇವನು? ಕಾಲ ಬಂದಾಗ ತನ್ನ ಹೆಸರನ್ನೂ ಹೊಡೆದುಹಾಕುವವನಾ? ಹೌದಾದರೆ ಅವನು ಬರೆದ ಪಟ್ಟಿಯನ್ನು ನಂಬಬಹುದು. ಅಲ್ಲವಾದರೆ ಬೈಯೋಕೆ ಬೈಟು ಕಾಫಿ ಇದ್ದೇ ಇದೆ.